ಸುಬ್ಬಿಗೆ ನೀಲಿ ಕಲಿಸಿದ್ದು: ನನ್ನ ಅನುಭವ

ಬೆಕ್ಕಿಗೆ ಬಣ್ಣದ ಗುರುತು ಕಲಿಸುತ್ತೇನೆ ಅಂದಾಗ ನಕ್ಕವರು ಬೆಕ್ಕು ಸಾಕಿದವರೇ. "ಅದು ಮೂಸಿ ಹೋಗೋದು ಮಾರಾಯ, ನೋಡಿ ಅಲ್ಲ" ಅಂದರು. ಈಗ ನಮ್ಮ ಸುಬ್ಬಿ ಹತ್ತಕ್ಕೆ ಎಂಟು ಸಲವಾದರೂ ನೀಲಿ ಮುಚ್ಚಳವನ್ನೇ ತಟ್ಟುತ್ತಾಳೆ.

ಮೊದಲು ದುಡ್ಡು ನೀರಾದ ಕಥೆ. ಬಣ್ಣದ ಪ್ಲಾಸ್ಟಿಕ್ ಬಟ್ಟಲು, ಎಲ್‌ಇಡಿ ಬಲ್ಬು ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು. ಬಟ್ಟಲು ಒಂದೊಂದಕ್ಕೂ ಒಂದೊಂದು ವಾಸನೆ, ಅವು ಮೂಲೆಗೆ ಬಿದ್ದವು. ಬಲ್ಬಿನಲ್ಲಿ ಎರಡೇ ವಾರಕ್ಕೆ ಗೆದ್ದೆ ಅನ್ನಿಸಿತ್ತು. ನೀಲಿಯನ್ನು ಸ್ವಲ್ಪ ಜೋರು ಮಾಡಿದ್ದೇ ತಡ, ಸುಬ್ಬಿ ಸೀದಾ ಹಳದಿ ಕಡೆ ನಡೆದಳು. ಅವಳು ಕಲಿತದ್ದು "ಮಂಕು ಇದ್ದಲ್ಲಿ ಊಟ" ಅಂತ ಮಾತ್ರ. ಕತ್ತಲಲ್ಲಿ ಬೇಟೆಯಾಡುವ ಕಣ್ಣು ನೋಡಿ, ಬೆಳಕಿನ ಹೆಚ್ಚುಕಡಿಮೆ ಸಿಕ್ಕರೆ ಬಣ್ಣದ ಗೊಡವೆಗೇ ಹೋಗುವುದಿಲ್ಲ.

ದಾರಿ ತೋರಿಸಿದ್ದು ಜೇನುನೊಣ. ನೂರು ವರ್ಷದ ಹಿಂದೆ ಕಾರ್ಲ್ ಫಾನ್ ಫ್ರಿಶ್ ಎಂಬ ಪ್ರಾಣಿವಿಜ್ಞಾನಿ ನೀಲಿ ಕಾಗದವನ್ನು ಹಲವು ಛಾಯೆಯ ಬೂದು ಕಾಗದಗಳ ನಡುವೆ ಇಟ್ಟು ಜೇನುನೊಣಕ್ಕೆ ಬಣ್ಣ ಕಾಣುತ್ತದೆಂದು ತೋರಿಸಿದ್ದರು. ನಾನೂ ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್ ತಂದೆ, ಪುಕ್ಕಟೆ. ಬಟ್ಟಲಿನ ಮುಚ್ಚಳವಾಗಿ ಒಂದು ನೀಲಿ, ಅದರೆದುರು ಪ್ರತಿ ಸಲ ಬೇರೆ ಬೂದು: ಒಮ್ಮೆ ತಿಳಿ, ಒಮ್ಮೆ ಕಡು. ಸ್ಟೀಲ್ ಬಟ್ಟಲು ಎರಡೂ ಒಂದೇ ಥರ, ಒಣಸಿಗಡಿ ಎರಡರಲ್ಲೂ ಇದೆ, ಬೂದಿನ ಕೆಳಗಿನದಕ್ಕೆ ಮಾತ್ರ ಬಾಯಿಗೆ ಸಿಗದ ಹಾಗೆ ಜಾಲರಿ. ಬಿಳಿ ಪ್ರಿಂಟರ್ ಹಾಳೆ ಬೇಡವೇ ಬೇಡ. ಅದಕ್ಕೆ ಹಾಕುವ ಹೊಳಪಿನ ರಾಸಾಯನಿಕ ಅತಿನೇರಳೆ ಹೀರಿ ನೀಲಿ ಬೆಳಕು ಬಿಡುತ್ತದೆ. ಬೆಕ್ಕಿನ ಮಸೂರವಂತೂ ಅತಿನೇರಳೆಯನ್ನೂ ಸಾಕಷ್ಟು ಒಳಗೆ ಬಿಡುತ್ತದೆ. ನಮಗೆ ಬಿಳಿ ಕಂಡದ್ದು ಅವಳಿಗೆ ಏನಾಗಿ ಕಾಣುತ್ತದೋ!

ಆಮೇಲೂ ಸುಮಾರು ದಿನ ಎಡಗಡೆಯದನ್ನೇ ತಟ್ಟುವ ಚಾಳಿ ಬಿಡಲಿಲ್ಲ. ನಾಣ್ಯ ಚಿಮ್ಮಿ ಜಾಗ ಬದಲಿಸಿದೆ. ನನ್ನ ಮುಖ ನೋಡುತ್ತಾಳೆಂದು ನಡುವೆ ರಟ್ಟು ನಿಲ್ಲಿಸಿದೆ. ಊಟಕ್ಕೆ ಮುಂಚೆ ಐದಾರು ಸರದಿ, ಅದಕ್ಕಿಂತ ಹೆಚ್ಚಾದರೆ ಬಾಲ ಬೀಸಿ ಎದ್ದುಹೋಗುತ್ತಾಳೆ. ಎರಡು ತಿಂಗಳ ಹೊತ್ತಿಗೆ ಒಂದು ಸಂಜೆ ಬೂದಿನ ಮುಂದೆ ನಿಂತಳು, ಮೀಸೆ ಮುಂದೆ ಮಾಡಿದಳು, ಎತ್ತಿದ ಕಾಲನ್ನು ಹಾಗೇ ಇಳಿಸಿ ನೀಲಿಯತ್ತ ತಿರುಗಿದಳು. ರಟ್ಟು ಎತ್ತುವ ತನಕ ಅವಳನ್ನು ಒಂದೇ ಕಡೆ ಕೂರಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳುವುದು ಮನೆಗೆ ಬಂದವರಿಗೆ ಮಾತ್ರ!

ನಡುವೆ ಕೆಂಪು ಚೆಂಡಿನ ಆಟವೂ ಆಯಿತು. ಹುಲ್ಲಿನ ಮೇಲೆ ಉರುಳಿದರೆ ಹಾರಿ ಹಿಡಿಯುತ್ತಾಳೆ, ನಿಂತರೆ ಪಕ್ಕದಲ್ಲೇ ಹಾದುಹೋಗುತ್ತಾಳೆ. ಕೆಂಪು ಆಟಿಕೆ ಮಾರುವುದು ನಮ್ಮ ಕಣ್ಣಿಗೆ, ಬೆಕ್ಕಿನದ್ದಕ್ಕಲ್ಲ. ಬೆಕ್ಕಿಗಿರುವುದು ಮುಖ್ಯವಾಗಿ ಎರಡು ಬಗೆಯ ಕೋನ್, ಅಂದರೆ ಬಣ್ಣ ಗುರುತಿಸುವ ಕಣ್ಣಿನ ಕೋಶ: ಒಂದು 450 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿಗೆ, ಇನ್ನೊಂದು 555ರ ಸುತ್ತಿನ ಹಸಿರು-ಹಳದಿಗೆ. ಕೆಂಪು-ಹಸಿರು ಬೇರ್ಪಡಿಸಲು ನಮಗಿರುವ ಮೂರನೆಯದು ಇಲ್ಲ.

ಈಗ ಹಳದಿ ನಡೆಯುತ್ತಿದೆ, ಹತ್ತಕ್ಕೆ ಆರೇಳು. ಕೆಂಪು-ಹಸಿರು ಕಾರ್ಡ್ ಇಟ್ಟರೆ ಹತ್ತಕ್ಕೆ ಐದು ದಾಟುವುದಿಲ್ಲ, ಸಿಗಡಿ ಖರ್ಚು ಅಷ್ಟೇ.