ಥಾಯ್ಲೆಂಡಿಗೆ ಇಂಗ್ಲಿಷ್ ಕಲಿಸಲು ಹೊರಟಾಗ ನಾನು ಮಾಡಿಕೊಂಡ ತಯಾರಿ

ನಾನು ಸಕಲೇಶಪುರ ಕಡೆಯವಳು. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದ ಕನ್ನಡ ಮೀಡಿಯಂ ಹುಡುಗಿ. ಬಿ.ಎ., ಬಿ.ಎಡ್. ಮುಗಿಸಿ ಊರಿನ ಹತ್ತಿರವೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಈಗ ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ, ಇಸಾನ್ ಅಂತಾರೆ ಆ ಕಡೆಗೆ, ಒಂದು ಪಟ್ಟಣದ ಪ್ರೈಮರಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಊರಿಗೆ ಬಂದಾಗಲೆಲ್ಲ ಪರಿಚಯದ ಟೀಚರುಗಳು ಕೇಳುವುದು ಒಂದೇ: ಯಾವ ಏಜೆಂಟು? ಏಜೆಂಟ್ ಯಾರೂ ಇರಲಿಲ್ಲ. ಏನೇನು ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ. ಅಲ್ಲಿ ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಎರಡನೇ ಟರ್ಮ್ ನವೆಂಬರಿನಲ್ಲಿ. ಹಾಗಾಗಿ ಶಾಲೆಗಳು ಟೀಚರುಗಳನ್ನು ಹುಡುಕುವುದು ಜಾಸ್ತಿ ಫೆಬ್ರುವರಿಯಿಂದ ಏಪ್ರಿಲ್ ತನಕ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೇ ತಿಂಗಳಿಗೆ ಅಲ್ಲಿರಬೇಕು ಅಂತ ಲೆಕ್ಕ ಹಾಕಿಕೊಂಡು ನಾನು ದಸರಾ ರಜೆಯಲ್ಲೇ ಕಾಗದಪತ್ರಕ್ಕೆ ಕೈ ಹಾಕಿದೆ. ಕೆಲಸ ಸಿಕ್ಕ ಮೇಲೆ ಮಾಡಿಸೋಣ ಅಂತ ಕೂತರೆ ಆಗುವುದಿಲ್ಲ, ಯಾಕೆಂದರೆ ಒಂದು ಸೀಲಿಗೆ ಇನ್ನೊಂದು ಸೀಲು ಕಾಯುತ್ತಿರುತ್ತದೆ, ಶಾಲೆ ಮಾತ್ರ ನಿಮಗಾಗಿ ಕಾಯುವುದಿಲ್ಲ.

ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತವೆ, ಒಂದು ಊರಿಂದು, ಒಂದು ಅಪ್ಪಂದು. ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿರುತ್ತಾರೆ. ನಮಗೆ ಅದು ಏನೂ ಅನಿಸುವುದಿಲ್ಲ, ಆದರೆ ಬೇರೆ ದೇಶದ ಕಚೇರಿಯಲ್ಲಿ ಕೂತವರಿಗೆ ಅವು ಎರಡು ಬೇರೆ ಹೆಸರು. ನಾನು ಇ-ಸ್ಟ್ಯಾಂಪ್ ಪೇಪರಿನ ಮೇಲೆ, ಎರಡೂ ಹೆಸರು ಒಬ್ಬಳದೇ ಅಂತ ಇಂಗ್ಲಿಷಿನಲ್ಲಿ ಅಫಿಡವಿಟ್ ಬರೆಸಿ ನೋಟರಿ ಮಾಡಿಸಿಟ್ಟುಕೊಂಡೆ. ಅದು ಎಷ್ಟು ಕಡೆ ಕೆಲಸಕ್ಕೆ ಬಂತು ಅಂದರೆ, ಈಗಲೂ ಒಂದು ಪ್ರತಿ ಫೈಲಿನಲ್ಲಿ ಮೇಲೇ ಇದೆ.

ಡಿಗ್ರಿಗೆ ಪಿಡಿಸಿ, ಅಂದರೆ ತಾತ್ಕಾಲಿಕ ಸರ್ಟಿಫಿಕೇಟ್, ಸಾಲದು, ಘಟಿಕೋತ್ಸವದ ಮೂಲ ಸರ್ಟಿಫಿಕೇಟೇ ಬೇಕು. ನನ್ನ ಶಾಲೆ ಅದರ ಮೇಲೆ ದೃಢೀಕರಣ ಕೇಳಿತ್ತು: ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಥಾಯ್ ಕಾನ್ಸುಲೇಟ್. ಇಲ್ಲೊಂದು ಮಾತು ಗಮನಿಸಿ. ಭಾರತ 2005ರಿಂದಲೂ ಅಪೋಸ್ಟಿಲ್ ಒಪ್ಪಂದದಲ್ಲಿದೆ, ಅದರಲ್ಲಿರುವ ದೇಶಗಳು ಒಬ್ಬರ ಸೀಲನ್ನು ಇನ್ನೊಬ್ಬರು ಒಪ್ಪುತ್ತಾರೆ. ಜಪಾನಿಗೋ ಕೊರಿಯಾಕ್ಕೋ ಹೋಗುವವರಿಗೆ ಅಪೋಸ್ಟಿಲ್ ಸೀಲು ಸಾಕು. ಆದರೆ ನಾನು ಹೊರಟಾಗ ಥಾಯ್ಲೆಂಡ್ ಆ ಒಪ್ಪಂದದಲ್ಲಿ ಇರಲಿಲ್ಲ. ಸರ್ಟಿಫಿಕೇಟ್ ಮಾಡಿಸಿಕೊಡುವವರು ಎಲ್ಲರಿಗೂ ಒಂದೇ ರಾಗ ಹಾಡುತ್ತಾರೆ, ಅಪೋಸ್ಟಿಲ್ ಹೊಡೆಸಿ ಮೇಡಂ ಸಾಕು ಅಂತ. ನೀವು ಹೋಗುವ ದೇಶಕ್ಕೆ ಯಾವುದು ಬೇಕು ಅಂತ ಶಾಲೆಯಿಂದಲೇ ಮೇಲ್‌ನಲ್ಲಿ ಬರೆಸಿಕೊಂಡು, ಆಮೇಲೆ ದುಡ್ಡು ಕೊಡಿ. ಜೊತೆಗೆ, ಈ ಡಿಗ್ರಿ ನಾವೇ ಕೊಟ್ಟಿದ್ದು ಅಂತ ಯೂನಿವರ್ಸಿಟಿಯಿಂದ ಒಂದು ಪತ್ರವೂ ಬೇಕಾಗುತ್ತದೆ. ಅಲ್ಲಿನ ಶಿಕ್ಷಕರ ಮಂಡಳಿ, ಖುರುಸಫಾ ಅಂತ ಅದರ ಹೆಸರು, ಅದನ್ನು ಕೇಳುತ್ತದೆ. ಶಿಕ್ಷಕರ ಲೈಸೆನ್ಸ್ ಇಲ್ಲದವರಿಗೆ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡುವುದೂ ಅದೇ ಮಂಡಳಿ. ಬಿ.ಎಡ್. ಇದ್ದವರು ಆ ಅಂಕಪಟ್ಟಿಗಳನ್ನೂ ಬಿಡದೆ ದೃಢೀಕರಿಸಿಕೊಳ್ಳಿ. ನಮ್ಮ ಬಿ.ಎಡ್.ಗೆ ಅಲ್ಲಿ ಬೆಲೆ ಇದೆ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಸೇವಾ ಮೂಲಕ, 500 ರೂಪಾಯಿ. ಇದನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಮಾಡಿಸಿದೆ, ಹಳೆಯದಾದರೆ ಒಪ್ಪುವುದಿಲ್ಲ.

ಇಂಗ್ಲಿಷ್ ಪರೀಕ್ಷೆಯೂ ಬರೆಯಬೇಕು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಥರದ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಇದರ ಗೋಜಿಲ್ಲ, ನಮಗೆ ಇದೆ. ಸಾಮಾನ್ಯವಾಗಿ ಕೇಳುವುದು ಟೋಯಿಕ್‌ನಲ್ಲಿ 990ಕ್ಕೆ 600, ಇಲ್ಲವೇ ಐಇಎಲ್‌ಟಿಎಸ್‌ನಲ್ಲಿ 5.5. ನಾನು ಬೆಂಗಳೂರಿಗೆ ಹೋಗಿ ಐಇಎಲ್‌ಟಿಎಸ್ ಬರೆದೆ. ಅದರ ಅಂಕ ಎರಡು ವರ್ಷ ನಡೆಯುತ್ತದೆ. ಟೆಫಲ್ ಕೋರ್ಸ್, ಅಂದರೆ ಇಂಗ್ಲಿಷನ್ನು ಹೊರಗಿನ ಭಾಷೆಯಾಗಿ ಕಲಿಸುವ ತರಬೇತಿ, 120 ಗಂಟೆಯದು, ಆನ್‌ಲೈನಿನಲ್ಲಿ ಮಾಡಿದೆ. ಕೈಯಲ್ಲಿ ಕಾಸಿದ್ದರೆ ಕೇಂಬ್ರಿಜ್‌ನವರ ಸೆಲ್ಟಾ ಮಾಡಿ. ಅದರಲ್ಲಿ ನಿಜವಾದ ಕ್ಲಾಸಿನ ಮುಂದೆ ಆರು ಗಂಟೆ ಪಾಠ ಮಾಡಿಸಿ, ಹಿಂದೆ ಕೂತು ನೋಡಿ, ತಿದ್ದುತ್ತಾರೆ. ಆನ್‌ಲೈನ್ ಕೋರ್ಸಿನಲ್ಲಿ ಇಲ್ಲದ್ದೇ ಅದು.

ಈಗ ಏಜೆಂಟ್ ವಿಷಯ. ಇದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಥಾಯ್ಲೆಂಡಿಗೆ ಭಾರತೀಯರು ಟೂರಿಸ್ಟ್ ಆಗಿ ವೀಸಾ ಇಲ್ಲದೆ ಹೋಗಲು 2023ರ ನವೆಂಬರಿನಿಂದ ಬಿಟ್ಟರು. ಅದನ್ನೇ ಹಿಡಿದುಕೊಂಡು, ಸುಮ್ನೆ ಹೋಗಿಬಿಡಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ ಅನ್ನುವವರು ಇದ್ದಾರೆ. ಟೂರಿಸ್ಟ್ ಆಗಿ ಹೋಗಿ ಪಾಠ ಮಾಡುವುದು ಅಲ್ಲಿ ಅಪರಾಧ. ಅದಕ್ಕಿಂತ ದೊಡ್ಡ ಅಪಾಯ ಗಡಿಯಲ್ಲಿದೆ. ಥಾಯ್ಲೆಂಡಿನಲ್ಲಿ ಒಳ್ಳೆ ಕೆಲಸ ಅಂತ ನಂಬಿಸಿ ಕರೆಸಿಕೊಂಡು, ಮೇ ಸೋಟ್ ಕಡೆಯಿಂದ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸಾಗಿಸಿ, ಸೈಬರ್ ವಂಚನೆ ಕೆಲಸಕ್ಕೆ ಕೂಡಿಹಾಕುತ್ತಾರೆ. ಇದರ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೆಲಸ ಟೀಚರಿಂದೇ ಇರಲಿ, ಕಂಪ್ಯೂಟರಿಂದೇ ಇರಲಿ, ವೀಸಾ ಇಲ್ಲದೆ ವಿಮಾನ ಹತ್ತಿಸುವವರನ್ನು ನಂಬಬೇಡಿ. ಏಜೆಂಟ್ ಬೇಕೇ ಬೇಕು ಅಂದರೆ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವ ಹಾಗಿಲ್ಲ. ಇನ್ನೊಂದು, ಥಾಯ್ಲೆಂಡ್ ಇಸಿಆರ್ ದೇಶಗಳ ಪಟ್ಟಿಯಲ್ಲಿದೆ, ಅಂದರೆ ಇಸಿಆರ್ ಪಾಸ್‌ಪೋರ್ಟಿನವರು ಅಲ್ಲಿಗೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ ಬೇಕು. ನಿಮ್ಮ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದ್ದರೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೊಟ್ಟು ತೆಗೆಸಿಕೊಳ್ಳಿ, ಇಲ್ಲದಿದ್ದರೆ ಕೆಲಸದ ವೀಸಾ ಇದ್ದರೂ ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ. ಸರಿಯಾದ ವೀಸಾದ ಹೆಸರು ನಾನ್-ಇಮಿಗ್ರಂಟ್ ಬಿ. ಶಾಲೆ ಅಲ್ಲಿನ ಇಲಾಖೆಯಿಂದ ಪತ್ರ ತೆಗೆಸಿ ಕಳಿಸಿದ ಮೇಲಷ್ಟೇ ಅದಕ್ಕೆ ಅರ್ಜಿ.

ಕಾಗದದ ಕೆಲಸ ಯಾರಾದರೂ ಮಾಡಬಹುದು, ಸಮಯ ಬೇಕು ಅಷ್ಟೆ. ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ನಡೆಯುವುದು ಕನ್ನಡದ ಆಸರೆಯಲ್ಲಿ, ಅಲ್ವಾ? ಒಂದು ವಾಕ್ಯ ಓದುತ್ತೇವೆ, ಅಂದ್ರೆ ಏನಪ್ಪಾ ಅಂದ್ರೆ ಅಂತ ಕನ್ನಡಕ್ಕೆ ಇಳಿಯುತ್ತೇವೆ. ಥಾಯ್ ಮಕ್ಕಳ ಮುಂದೆ ಆ ಆಸರೆ ಇರುವುದಿಲ್ಲ. ಅದಿಲ್ಲದೆ ಕಲಿಸುವುದನ್ನು ಹೋಗುವ ಮುಂಚೆಯೇ ರೂಢಿ ಮಾಡಿಕೊಳ್ಳಬೇಕು ಅಂತ ತೀರ್ಮಾನ ಮಾಡಿದೆ.

ನಮ್ಮ ಪಕ್ಕದ ಕಾಫಿ ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರು ಇದ್ದರು. ಅವರ ಮಕ್ಕಳಿಗೆ ಕನ್ನಡ ಬಾರದು, ನನಗೆ ಅವರ ಭಾಷೆ ಬಾರದು. ನನಗೆ ಬೇಕಾಗಿದ್ದ ಕ್ಲಾಸು ಅದೇ. ತೋಟದ ಸಾಹುಕಾರರನ್ನೂ ತಾಯಂದಿರನ್ನೂ ಕೇಳಿಕೊಂಡು, ಸಂಜೆ ಹೊತ್ತು ಕಾಫಿ ಕಣದಲ್ಲಿ ಪಾಠ ಶುರು ಮಾಡಿದೆ. ಮೊದಲ ಸಂಜೆ ಕಲಿಸಿದ್ದು ಎರಡೇ ಪದ, ಆನ್ ಮತ್ತು ಅಂಡರ್. ಒಂದು ಕುಕ್ಕೆ ಬೋರಲು ಹಾಕಿದೆ, ಕೈಯಲ್ಲಿ ಒಂದು ಕಲ್ಲು. ಕಲ್ಲನ್ನು ಕುಕ್ಕೆ ಮೇಲಿಟ್ಟು ಆನ್ ಅಂದೆ, ಕುಕ್ಕೆ ಎತ್ತಿ ಒಳಗಿಟ್ಟು ಅಂಡರ್ ಅಂದೆ. ಮಕ್ಕಳು ಗಿಳಿಪಾಠದ ಹಾಗೆ ಹೇಳಿದರು. ಹೇಳಿದ ಮಾತ್ರಕ್ಕೆ ಗೊತ್ತಾಗಿದೆ ಅಂತಲ್ಲ. ಹಾಗಾಗಿ ಕಲ್ಲನ್ನು ಒಂದು ಹುಡುಗಿ ಕೈಗೆ ಕೊಟ್ಟು, ನಾನು ಏನೂ ಸನ್ನೆ ಮಾಡದೆ ಅಂಡರ್ ಅಂತಷ್ಟೇ ಹೇಳಿದೆ. ಅವಳು ಕುಕ್ಕೆ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಸೀದಾ ಹೋಗಿ ತಮ್ಮನನ್ನು ಕೂರಿಸಿದ್ದ ಮಣೆ ಎತ್ತಿ ಅದರ ಕೆಳಗೆ ಕಲ್ಲಿಟ್ಟಳು. ಪದ ಕುಕ್ಕೆಯನ್ನು ಬಿಟ್ಟು ಹೊರಗೆ ಬಂದಿತ್ತು! ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಲ್ಲಿಂದ ನಾನು ಕಲಿತಿದ್ದನ್ನು ಇವತ್ತಿಗೂ ದಿನಾ ಬಳಸುತ್ತೇನೆ. ಅರ್ಥ ಆಯ್ತಾ ಅಂತ ಕೇಳುವುದನ್ನೇ ಬಿಟ್ಟೆ. ಕೇಳಿದರೆ ಯಾವ ಮಗುವೂ ಇಲ್ಲ ಅನ್ನುವುದಿಲ್ಲ, ಅದಕ್ಕೆ ಕೈಯಲ್ಲಿ ಮಾಡಿಸಿ ನೋಡಬೇಕು. ನಾನು ಆಡುವ ಮಾತು ಕಮ್ಮಿಯಾಯಿತು. ಈಗ ನೀವೆಲ್ಲ ನಿಮ್ಮ ಪುಸ್ತಕ ತೆಗೆದು ಹತ್ತನೇ ಪುಟಕ್ಕೆ ಬರುತ್ತೀರಾ ಅಂತ ಉದ್ದಕ್ಕೆ ಇಂಗ್ಲಿಷಿನಲ್ಲಿ ಹೇಳಿದರೆ ಮಗುವಿಗೆ ಬರೀ ಸದ್ದು. ಓಪನ್ ಯುವರ್ ಬುಕ್, ಪೇಜ್ ಟೆನ್, ಅಷ್ಟು ಸಾಕು, ಪುಸ್ತಕ ಎತ್ತಿ ತೋರಿಸಿದರಾಯಿತು. ನಿಮ್ಮ ಊರಲ್ಲೂ ಇಂಥ ಮಕ್ಕಳು ಇರುತ್ತಾರೆ, ಕಟ್ಟಡದ ಕೆಲಸದವರ ಮಕ್ಕಳು, ನೇಪಾಳದಿಂದ ಬಂದ ವಾಚ್‌ಮನ್ ಮಕ್ಕಳು. ಅವರಿಗೂ ನಾಲ್ಕು ಅಕ್ಷರ ಬರುತ್ತದೆ, ನಿಮಗೂ ಕೆಲಸ ಬರುತ್ತದೆ.

ಆಮೇಲೆ ಥಾಯ್ ಭಾಷೆಗೆ ಕೂತೆ. ಮಾತಾಡಲು ಬರಲಿ ಅನ್ನುವುದಕ್ಕಿಂತ, ಆ ಮಕ್ಕಳು ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಎಡವಬಹುದು ಅಂತ ಮೊದಲೇ ಗೊತ್ತಿರಲಿ ಅಂತ. ಲಿಪಿಯ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ, ಖ್ಮೇರ್ ಮೂಲಕ ಅಲ್ಲಿಗೆ ಹೋಗಿದ್ದು. 44 ವ್ಯಂಜನ ಅಂತ ಹೆದರಬೇಡಿ, ಕ ವರ್ಗ, ಚ ವರ್ಗ ಅಂತ ನಮ್ಮ ಕ್ರಮದಲ್ಲೇ ಸಾಗುತ್ತವೆ, ಕನ್ನಡ ಬಲ್ಲವರಿಗೆ ಬೇಗ ಕೂರುತ್ತದೆ. ಕಷ್ಟ ಅಂದರೆ ಪದದ ಅರ್ಥವನ್ನೇ ಬದಲಿಸುವ ಐದು ಬಗೆಯ ದನಿಯ ಏರಿಳಿತ, ಅದು ಕಿವಿಗೆ ಹತ್ತಲು ಸಮಯ ಬೇಕು.

ಇದರಿಂದ ನನ್ನ ಪಾಠದ ಯೋಜನೆಯೇ ತಲೆಕೆಳಗಾಯಿತು. ಕನ್ನಡದ ಮಕ್ಕಳಿಗೆ ನಾವು ವಾಕ್ಯದ ಕ್ರಮ ಕಲಿಸಲು ಎಷ್ಟು ಒದ್ದಾಡುತ್ತೇವೆ! ನಾನು ಅನ್ನ ತಿನ್ನುತ್ತೇನೆ ಅನ್ನುವ ಮಗು ಐ ರೈಸ್ ಈಟ್ ಅಂತ ಬರೆಯುತ್ತದೆ. ಥಾಯ್ ಮಗುವಿಗೆ ಆ ತೊಂದರೆಯೇ ಇಲ್ಲ, ಅವರ ಭಾಷೆಯಲ್ಲೂ ಕ್ರಿಯಾಪದ ನಡುವೆಯೇ ಬರುತ್ತದೆ. ಆದರೆ ರೆಡ್ ಕಾರ್ ಅನ್ನುವುದು ನಮ್ಮ ಮಕ್ಕಳಿಗೆ ಹೇಳಿಕೊಡದೆ ಬರುತ್ತದೆ, ಅಲ್ಲಿ ಕಾರ್ ರೆಡ್ ಆಗುತ್ತದೆ, ಯಾಕೆಂದರೆ ಅವರಲ್ಲಿ ವಸ್ತುವಿನ ಹೆಸರು ಆದ ಮೇಲೆ ಬಣ್ಣ ಬರುತ್ತದೆ. ಕಾಲಕ್ಕೆ ತಕ್ಕ ಹಾಗೆ ಅವರ ಕ್ರಿಯಾಪದ ರೂಪ ಬದಲಿಸುವುದಿಲ್ಲ, ಬಹುವಚನಕ್ಕೆ ಪ್ರತ್ಯಯ ಇಲ್ಲ. ಹಾಗಾಗಿ ವೆಂಟ್, ಬುಕ್ಸ್ ಇಂಥವಕ್ಕೆ ಜಾಸ್ತಿ ಹೊತ್ತು ಕೊಡಬೇಕು. ಉಚ್ಚಾರಣೆಯಲ್ಲೂ ಅಷ್ಟೆ. ನಮ್ಮವರು ಕೊನೆಗೆ ಉ ಸೇರಿಸಿ ಬಸ್ಸು ಮಾಡುತ್ತಾರೆ. ಥಾಯ್ ಪದಗಳ ಕೊನೆಯಲ್ಲಿ ಸ, ಲ ಸದ್ದು ನಿಲ್ಲುವುದಿಲ್ಲ, ಸ ಇದ್ದದ್ದು ತ್ ಆಗುತ್ತದೆ, ಲ ಇದ್ದದ್ದು ನ್ ಆಗುತ್ತದೆ. ಬಾಲ್ ಅನ್ನುವುದು ಬಾನ್ ಆಗಿ ಕೇಳುತ್ತದೆ. ಇದು ಮೊದಲೇ ಗೊತ್ತಿದ್ದರೆ ಮಗುವನ್ನು ದಡ್ಡ ಅಂದುಕೊಳ್ಳುವುದಿಲ್ಲ, ಬೈಯುವುದಿಲ್ಲ, ನಾಲಿಗೆ ಎಲ್ಲಿ ಇಡಬೇಕು ಅಂತ ತೋರಿಸುತ್ತೇವೆ.

ಇಂಟರ್‌ವ್ಯೂ ವಿಡಿಯೋ ಕಾಲ್‌ನಲ್ಲಿ. ಪರಿಚಯದ ವಿಡಿಯೋ ಒಂದು, ಆಮೇಲೆ ಕ್ಯಾಮೆರಾ ಮುಂದೆ ಪಾಠದ ಡೆಮೊ. ನಾನು ಕುಕ್ಕೆ ಮತ್ತು ಕಲ್ಲಿನ ಪಾಠವನ್ನೇ ಮಾಡಿದೆ. ಕೆಲವು ಜಾಹೀರಾತುಗಳಲ್ಲಿ ನೇಟಿವ್ ಸ್ಪೀಕರ್ ಮಾತ್ರ ಅಂತ ಬರೆದೇ ಇರುತ್ತಾರೆ, ಕೆಲವು ಕಡೆ ಅದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಬೇರೆ ಬೇರೆ ಸಂಬಳ ಹೇಳುತ್ತಾರೆ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ. ಇಂಗ್ಲಿಷನ್ನು ಹೊರಗಿನ ಭಾಷೆಯಾಗಿ ಒಂದೊಂದೇ ಮೆಟ್ಟಿಲು ಹತ್ತಿ ಕಲಿತವರಿಗೆ ಮಗು ಎಲ್ಲಿ ಜಾರುತ್ತದೆ ಅಂತ ಗೊತ್ತಿರುತ್ತದೆ. ಇದನ್ನು ಇಂಟರ್‌ವ್ಯೂನಲ್ಲಿ ನೇರವಾಗಿ ಹೇಳಿದೆ. ನೀವೂ ಹೇಳಿ. ಅಮೆರಿಕದವರ ಥರ ಮಾತಾಡಲು ಹೋಗಬೇಡಿ, ನಿಧಾನ, ಸ್ಪಷ್ಟ, ಅಷ್ಟಿದ್ದರೆ ಸಾಕು. ಒಪ್ಪುವ ಮುಂಚೆ ವಾರಕ್ಕೆ ಎಷ್ಟು ಪೀರಿಯಡ್, ರಜೆ ತಿಂಗಳ ಸಂಬಳ ಇದೆಯಾ, ವರ್ಕ್ ಪರ್ಮಿಟ್ ಖರ್ಚು ಯಾರದು, ಈ ಮೂರನ್ನೂ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ.

ದುಡ್ಡು: ಅಲ್ಲಿಯದು ಬಾತ್, ಒಂದಕ್ಕೆ ಎಷ್ಟು ರೂಪಾಯಿ ಅಂತ ಹೊರಡುವಾಗ ನೋಡಿಕೊಳ್ಳಿ. ಮೊದಲ ಸಂಬಳ ಬರುವವರೆಗೆ ನಿಮ್ಮ ಕೈಯಿಂದಲೇ ನಡೆಯಬೇಕು, ರೂಮಿಗೆ ಅಡ್ವಾನ್ಸ್ ಬೇರೆ. ಎರಡು ತಿಂಗಳ ಖರ್ಚಿಗೆ ಆಗುವಷ್ಟು ಇಟ್ಟುಕೊಂಡೇ ಹೊರಟೆ. ಬಟ್ಟೆ: ಹೆಣ್ಣುಮಕ್ಕಳಿಗೆ ಮೊಣಕಾಲು ಮುಚ್ಚುವ ಸ್ಕರ್ಟ್, ತೋಳಿರುವ ಬ್ಲೌಸು. ಸೋಮವಾರ ಬಹಳಷ್ಟು ಶಾಲೆಗಳಲ್ಲಿ ಹಳದಿ ಹಾಕುತ್ತಾರೆ, ಅದು ರಾಜರು ಹುಟ್ಟಿದ ವಾರದ ಬಣ್ಣ. ಕ್ಲಾಸಿನ ಒಳಗೆ ಹೋಗುವಾಗ ಚಪ್ಪಲಿ ಬಿಡುವ ರೂಢಿ ತುಂಬ ಕಡೆ ಇದೆ, ಹಾಗಾಗಿ ಲೇಸ್ ಇಲ್ಲದ ಶೂ ತಗೊಳ್ಳಿ. ಸಸ್ಯಾಹಾರಿಗಳು ಒಂದು ಕಲಿತಿರಿ: ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಜೇ ಅಂತ ಬರೆದಿರುವ ಅಂಗಡಿ ಹುಡುಕಿ. ಅಮ್ಮ ಕೊಟ್ಟ ಚಟ್ನಿಪುಡಿ ನನಗೆ ಮೊದಲ ತಿಂಗಳೆಲ್ಲ ಬಂತು.

ಹೋದ ಮೇಲೂ ಕಾಗದ ಮುಗಿಯುವುದಿಲ್ಲ. ಮೊದಲ ವೀಸಾ 90 ದಿನಕ್ಕೆ. ಅಷ್ಟರೊಳಗೆ ವರ್ಕ್ ಪರ್ಮಿಟ್ ಆಗಬೇಕು. ಅದಕ್ಕೆ ಅಲ್ಲಿನ ಆಸ್ಪತ್ರೆಯಿಂದಲೇ ಮೆಡಿಕಲ್ ಸರ್ಟಿಫಿಕೇಟ್ ಬೇಕು, ಕ್ಷಯ, ಕುಷ್ಠ, ಆನೆಕಾಲು ಇಂಥವು ಇಲ್ಲ ಅಂತ. ಊರಿಂದ ಮಾಡಿಸಿಕೊಂಡು ಹೋಗಿ ದುಡ್ಡು ಕಳೆಯಬೇಡಿ. ಪರ್ಮಿಟ್ ಬಂದ ಮೇಲೆ ವೀಸಾ ಒಂದು ವರ್ಷಕ್ಕೆ ಮುಂದುವರಿಯುತ್ತದೆ. ಆಮೇಲೂ ಪ್ರತಿ 90 ದಿನಕ್ಕೊಮ್ಮೆ ಇಲ್ಲೇ ಇದ್ದೀನಿ ಅಂತ ಇಮಿಗ್ರೇಷನ್ನಿಗೆ ವಿಳಾಸ ತಿಳಿಸಬೇಕು. ನಾನು ಆ ತಾರೀಕನ್ನು ಫೋನಿನಲ್ಲೂ ಹಾಕಿಟ್ಟಿದ್ದೇನೆ, ಸ್ಟಾಫ್ ರೂಮಿನ ಕ್ಯಾಲೆಂಡರಿನಲ್ಲೂ ಗುರುತು ಮಾಡಿದ್ದೇನೆ.