ಪಟ್ಟಿ ಕೈಗೆ ಬಂದ ಮೇಲೆ ನಮ್ಮ ಪೋಸ್ಟ್‌ಡಾಕ್ ಕಚೇರಿ ನಡೆಯಿತು

"ಪೋಸ್ಟ್‌ಡಾಕ್‌ಗಳಿಗೆ ಯಾಕ್ರೀ ಬೇರೆ ಕಚೇರಿ? ಪಿಐ ಇದ್ದಾರಲ್ಲ." ಪಿಎಚ್‌ಡಿ ಮುಗಿಸಿ ಲ್ಯಾಬ್‌ಗಳಲ್ಲಿ ಕೆಲವು ವರ್ಷ ಸಂಶೋಧನೆ ಮಾಡುವ ಪೋಸ್ಟ್‌ಡಾಕ್‌ಗಳಿಗೆ ಒಂದು ಕಚೇರಿ ಬೇಕು ಅಂದಾಗ ಮೊದಲ ಸಭೆಯಲ್ಲಿ ಸಿಕ್ಕ ಉತ್ತರ ಇದು. ಪಿಐ ಅಂದರೆ ಅವರ ಲ್ಯಾಬ್ ನಡೆಸುವ ಪ್ರೊಫೆಸರ್. ಈಗ ಕಚೇರಿಗೆ ನಾಲ್ಕು ವರ್ಷ. ಅವತ್ತು ಹಾಗೆಂದವರೇ ಇವತ್ತು ಹೊಸಬರು ಸೇರಿದ ದಿನವೇ ನಮ್ಮ ಹತ್ತಿರ ಕಳಿಸುತ್ತಾರೆ.

ಮೊದಲ ವರ್ಷ ಪೂರ್ತಿ ದಂಡ. ಇದ್ದದ್ದು ನನ್ನ ಅರ್ಧ ದಿನ, ಒಂದು ಮೇಜು. ಐಡಿಪಿ ಫಾರಂ, ಅಂದರೆ ತಮ್ಮ ಮುಂದಿನ ವೃತ್ತಿಯ ಯೋಜನೆ ಬರೆದುಕೊಳ್ಳುವ ಹಾಳೆ, ನೂರು ಕಳಿಸಿದರೆ ತುಂಬಿ ಬಂದದ್ದು ಏಳೋ ಎಂಟೋ. ಸಿವಿ ತರಬೇತಿಗೆ ಹೊರಗಿನವರನ್ನು ಕರೆಸಿ, ವರ್ಷದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಸುರಿದೆ. ಬಂದವರು ಹನ್ನೊಂದು ಮಂದಿ. ಅದರಲ್ಲೂ ಇಬ್ಬರು ಇನ್ನೂ ಪಿಎಚ್‌ಡಿ ಮಾಡುತ್ತಿದ್ದವರು!

ಆಮೇಲೆ ಹೊಳೆಯಿತು, ನಮ್ಮಲ್ಲಿ ಎಷ್ಟು ಪೋಸ್ಟ್‌ಡಾಕ್ ಇದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಎಚ್‌ಆರ್ ಲೆಕ್ಕ ಸುಮಾರು 140. ಸಂಬಳದ ಪಟ್ಟಿ, ಫೆಲೋಶಿಪ್ ಫೈಲು, ಲ್ಯಾಬ್‌ಗಳ ಕೀ ರಿಜಿಸ್ಟರ್ ಮೂರನ್ನೂ ಹರಡಿಕೊಂಡು ತಾಳೆ ನೋಡಿದೆ. 210ರ ಹತ್ತಿರ ಬಂತು. ಆರೇಳು ಹುದ್ದೆಯ ಹೆಸರುಗಳಲ್ಲಿ ಚದುರಿಹೋಗಿದ್ದರು.

ನಿಜವಾದ ತೊಂದರೆ ಸಿಕ್ಕಿದ್ದೂ ಅಲ್ಲೇ. ಪಿಐಗೆ ಬಂದ ಗ್ರಾಂಟ್‌ನಿಂದ (ಸಂಶೋಧನಾ ಅನುದಾನದಿಂದ) ಸಂಬಳ ಬರುವ ತನಕ ಪೋಸ್ಟ್‌ಡಾಕ್‌ಗಳು ನೌಕರರು. ಸ್ವಂತ ಫೆಲೋಶಿಪ್ ಗೆದ್ದ ಕೂಡಲೇ ನೌಕರರ ಲೆಕ್ಕದಿಂದ ಹೊರಗೆ. ವಿಮೆ ಹೋಯ್ತು, ರಜೆ ಹೋಯ್ತು. ಒಬ್ಬರು ಫೆಲೋಶಿಪ್ ಪತ್ರ ಹಿಡಿದು ಬಂದು ನನ್ನ ಮುಂದೆ ಅಳುತ್ತಾ ಕೂತರು. ಆರು ತಿಂಗಳ ಬಸುರಿ, ಹೆರಿಗೆ ರಜೆಯೇ ಇಲ್ಲ. ಗೆದ್ದದ್ದಕ್ಕೆ ಶಿಕ್ಷೆ, ಅಲ್ವಾ?

ಕಾರ್ಯಾಗಾರಗಳನ್ನೆಲ್ಲ ನಿಲ್ಲಿಸಿ ಇದೊಂದನ್ನೇ ಹಿಡಿದೆ. ಫೆಲೋಗಳಿಗೂ ಹೆಸರಿಗೊಂದು ನೇಮಕ ಕೊಡಿಸಿ, ವಿಮೆ, ರಜೆ ಉಳಿಸಲು ಎಂಟು ತಿಂಗಳು ಹಿಡಿಯಿತು. ಅವತ್ತು ಅಳುತ್ತಾ ಕೂತವರಿಗೆ ದಕ್ಕಲಿಲ್ಲ, ಆಮೇಲಿನವರಿಗೆ ದಕ್ಕಿತು.

ಕಚೇರಿಯ ದುಡ್ಡಿಗೆ ಮೊದಲು ಲ್ಯಾಬ್‌ಗಳಿಂದ ತಲೆಗಿಷ್ಟು ಅಂತ ಕೇಳಿದೆ. ಪ್ರೊಫೆಸರ್‌ಗಳು ಮೈಮೇಲೆ ಬಿದ್ದರು. ಕೊನೆಗೆ ಗ್ರಾಂಟ್ ಓವರ್‌ಹೆಡ್‌ನಲ್ಲಿ, ಅಂದರೆ ಗ್ರಾಂಟ್‌ಗಳಿಂದ ಸಂಸ್ಥೆ ತನ್ನ ಖರ್ಚಿಗೆ ಪಡೆಯುವ ಹಣದಲ್ಲಿ, ನೂರಕ್ಕೆ ಒಂದಕ್ಕಿಂತ ಕಡಿಮೆ ಪಾಲು ಸಿಕ್ಕಿತು. ಅಷ್ಟರಲ್ಲೇ ಇಬ್ಬರ ಸಂಬಳ ನಡೆಯುತ್ತಿದೆ. ಫೈನಾನ್ಸ್‌ನವರನ್ನು ಹೇಗೆ ಒಪ್ಪಿಸಿದೆ ಅಂತ ಇಲ್ಲಿ ಬರೆಯಲ್ಲ, ಇನ್ನೊಂದು ಸಲ ಬೇಕಾದೀತು. ಆ ಪಟ್ಟಿಯ ಪಕ್ಕದಲ್ಲೇ ಗ್ರಾಂಟ್ ಮೊತ್ತ ಬರೆದು ಒಯ್ದಿದ್ದೆ ಅಂತ ಮಾತ್ರ ಹೇಳುತ್ತೇನೆ.

ನಡುವೆ, ಅಮೆರಿಕದ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಅಸೋಸಿಯೇಷನ್ ಸೆಪ್ಟೆಂಬರ್‌ನಲ್ಲಿ ನಡೆಸುವ ಪೋಸ್ಟ್‌ಡಾಕ್ ವಾರವನ್ನು ನಾವೂ ಮಾಡಿ ನೋಡಿದೆವು. ಊಟ ಖಾಲಿ, ಆಮೇಲೆ ಜನವೂ ಖಾಲಿ. ಆದರೆ ಶುಕ್ರವಾರ ಬೆಳಿಗ್ಗೆ ಎರಡು ಗಂಟೆ ಸುಮ್ನೆ ಕೂತು ಪೇಪರ್ ಬರೆಯೋಣ ಅಂತ ಬಾಗಿಲು ತೆರೆದಿಟ್ಟೆ, ಖರ್ಚು ಸೊನ್ನೆ. ಈಗ ಕುರ್ಚಿ ಸಾಲದು.

ಪಟ್ಟಿಯನ್ನು ಈಗಲೂ ತಿಂಗಳಿಗೊಮ್ಮೆ ನಾನೇ ತಾಳೆ ನೋಡುತ್ತೇನೆ. ಹೋದ ತಿಂಗಳು ಮತ್ತೆ ಮೂವರು ಸಿಕ್ಕರು.