ತೂಬಿನ ತಿರುಪಿನಿಂದ ಬೇಲ್ ಪ್ರೆಸ್: ನನ್ನ ಅನುಭವ

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬ್ಯಾರನ್ನಿನಲ್ಲಿ, ಎಂದರೆ ಒಲೆಯ ಬಿಸಿಯಲ್ಲಿ ಸೊಪ್ಪು ಹದ ಮಾಡುವ ಮನೆಯಲ್ಲಿ, ಬೇಯಿಸಿ ಇಳಿಸಿದ ಹೊಗೆಸೊಪ್ಪನ್ನು ಎದೆಯೆತ್ತರಕ್ಕೆ ಪೇರಿಸಿ ಗೋಣಿ ಹೊದಿಸಿರುತ್ತೇವೆ. ಮನೆಯ ಹೆಂಗಸರು ಬಾಗಿಲ ಬೆಳಕಿನಲ್ಲಿ ಕುಳಿತು ಎಲೆ ಎಲೆಯನ್ನೂ ಬಣ್ಣ ನೋಡಿ ವಿಂಗಡಿಸುತ್ತಾರೆ. ಅದಾದ ಮೇಲೆ ಉಳಿಯುವುದು ಬೇಲು ಕಟ್ಟುವ ಕೆಲಸ, ಎಂದರೆ ಸೊಪ್ಪನ್ನು ಒತ್ತಿ ಗೋಣಿ ತಾಟಿನಲ್ಲಿ ಮೂಟೆಯಾಗಿ ಹೊಲಿಯುವುದು. ಅಪ್ಪ ಬೆಳೆಗಾರ, ನಾನು ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು. ಹೊಲದ ಕೆಲಸದಲ್ಲಿ ನನ್ನ ಕೈ ಅಷ್ಟಕ್ಕಷ್ಟೇ. ಬೇಲು ಕಟ್ಟುವುದರಲ್ಲಾದರೂ ಅವರ ಭಾರ ಇಳಿಸಬೇಕೆಂದು ಹಟ ತೊಟ್ಟು ಈ ಪ್ರೆಸ್ ಮಾಡಿದೆ. ಮೂರು ಹಂಗಾಮು ಹಿಡಿಯಿತು.

ಮೊದಲು ನಾವು ಬೇಲು ಕಟ್ಟುತ್ತಿದ್ದುದು ಕಾಲಿನಿಂದ. ಮರದ ಪೆಟ್ಟಿಗೆಯೊಳಗೆ ಗೋಣಿ ತಾಟು ಹಾಸಿ, ಸೊಪ್ಪು ಜೋಡಿಸಿ, ಮೇಲೆ ಹಲಗೆ ಇಟ್ಟು ಇಬ್ಬರು ಹತ್ತಿ ತುಳಿಯುತ್ತಿದ್ದೆವು. ಹಿಮ್ಮಡಿ ಬಿದ್ದ ಕಡೆ ಸೊಪ್ಪು ಪುಡಿಯಾಗುತ್ತಿತ್ತು, ಮೂಲೆಗಳು ಸಡಿಲವಾಗಿಯೇ ಉಳಿಯುತ್ತಿದ್ದವು. ಅಂಥ ಬೇಲು ಗಾಡಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಅಲುಗಾಡಿ ಹರಾಜು ಕಟ್ಟೆ ತಲುಪುವಷ್ಟರಲ್ಲಿ ಒಂದು ಮಗ್ಗುಲಿಗೆ ವಾಲಿರುತ್ತಿತ್ತು. ಈ ಹರಾಜು ನಡೆಸುವ ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ, ನಮ್ಮ ರಾಜ್ಯದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಅದಕ್ಕೂ ಮುಂಚೆ ವ್ಯಾಪಾರಿಗಳು ಹೇಳಿದ್ದೇ ಬೆಲೆಯಾಗಿತ್ತೆಂದು ಅಪ್ಪ ಹೇಳುತ್ತಾರೆ. ಹರಾಜಿನಲ್ಲಿ ಹಾಗಲ್ಲ. ಸಾಲಾಗಿ ಇಟ್ಟ ಬೇಲುಗಳ ನಡುವೆ ಕೊಳ್ಳುವವರು ನಡೆದು ಬರುತ್ತಾರೆ, ತಾಟು ಸರಿಸಿ ಒಳಗಿನಿಂದ ಒಂದು ಹಿಡಿ ಸೊಪ್ಪು ಎಳೆದು ನೋಡುತ್ತಾರೆ. ಆ ಒಂದು ಹಿಡಿಯಲ್ಲಿ ವರ್ಷದ ದುಡಿಮೆ ಇರುತ್ತದೆ. ಎಲೆ ಬಿಡಿಬಿಡಿಯಾಗಿ ಬರಬೇಕು, ಮುರಿಯಬಾರದು, ಒಂದಕ್ಕೊಂದು ಅಂಟಿರಬಾರದು.

ಪ್ರೆಸ್ ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಹೈಡ್ರಾಲಿಕ್. ಅಂಗಡಿಯಲ್ಲಿದ್ದ ಐದು ಟನ್ನಿನ ಬಾಟಲ್ ಜ್ಯಾಕನ್ನು ಪೆಟ್ಟಿಗೆಯ ಮೇಲೆ ಕೂರಿಸಿ ಒತ್ತಿ ನೋಡಿದೆ. ಅದು ಒಂದು ಗೇಣಿಗಿಂತ ಕಡಿಮೆ ಮೇಲೇಳುತ್ತದೆ. ನನಗೆ ಬೇಕಿದ್ದದ್ದು ಎರಡು ಅಡಿಗೂ ಹೆಚ್ಚು. ಪ್ರತಿ ಸಲ ಜ್ಯಾಕ್ ಇಳಿಸಿ, ಮರದ ತುಂಡು ಕೊಟ್ಟು, ಮತ್ತೆ ಏರಿಸಬೇಕು. ಇಳಿಸಿದಾಗಲೆಲ್ಲ ಸೊಪ್ಪು ಮತ್ತೆ ಉಬ್ಬಿಕೊಳ್ಳುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಒಂದು ದಿನ ಸೀಲು ಸೋರಿ ನಾಲ್ಕೈದು ಹನಿ ಎಣ್ಣೆ ಸೊಪ್ಪಿನ ಮೇಲೆ ಬಿತ್ತು. ಹೊಗೆಸೊಪ್ಪು ವಾಸನೆಯನ್ನು ಹೀರುವಷ್ಟು ಬೇಗ ಬೇರೆ ಯಾವ ಎಲೆಯೂ ಹೀರುವುದನ್ನು ನಾನು ಕಂಡಿಲ್ಲ. ಮೇಲಿನ ಒಂದು ಪದರವನ್ನಷ್ಟೇ ತೆಗೆದರೆ ಸಾಕೆಂದುಕೊಂಡಿದ್ದೆ. ಅತ್ತೆ ಮೂಸಿ ನೋಡಿ ಮೊಣಕೈ ಆಳದವರೆಗೆ ತೆಗೆಸಿದರು. ಅಂದೇ ತೀರ್ಮಾನಿಸಿದೆ, ಸೊಪ್ಪಿನ ನೆತ್ತಿಯ ಮೇಲೆ ಎಣ್ಣೆಯ ಯಂತ್ರ ಬೇಡವೆಂದು.

ಆಮೇಲೆ ಹುಣಸೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೆಯ ತೂಬಿನ ತಿರುಪು, ಎಂದರೆ ಕೆರೆಯ ತೂಬನ್ನು ಎತ್ತಿ ಇಳಿಸುವ ದೊಡ್ಡ ಸ್ಕ್ರೂ, ಕಣ್ಣಿಗೆ ಬಿತ್ತು. ಎರಡು ಇಂಚು ದಪ್ಪ, ಐದಡಿ ಉದ್ದ, ಚೌಕ ಹಲ್ಲು. ತುಕ್ಕು ಮೇಲೆ ಮಾತ್ರ ಇತ್ತು, ಹಲ್ಲು ಸವೆದಿರಲಿಲ್ಲ. ಒಂದು ಸುತ್ತಿಗೆ ಅರ್ಧ ಇಂಚು ಚಲಿಸುತ್ತದೆ. ಹಲ್ಲಿನ ಇಳಿಜಾರು ಇಷ್ಟು ಕಡಿಮೆಯಿರುವ ತಿರುಪಿನ ದೊಡ್ಡ ಗುಣವೆಂದರೆ ಕೈ ಬಿಟ್ಟರೂ ಅದು ಹಿಂದಕ್ಕೆ ತಿರುಗುವುದಿಲ್ಲ, ಒತ್ತಿದ್ದು ಒತ್ತಿದಂತೆಯೇ ನಿಲ್ಲುತ್ತದೆ. ಬೇಲಿಗೆ ಹೊಲಿಗೆ ಹಾಕುವಾಗ ಯಾರೂ ತಿರುಪಿನ ಹಿಡಿಯನ್ನು ಹಿಡಿದು ನಿಲ್ಲಬೇಕಿಲ್ಲ.

ಲೆಕ್ಕ ಹೀಗಿದೆ. ನಡುವಿನಿಂದ ಮೂರು ಅಡಿ ದೂರದಲ್ಲಿ ಹಿಡಿಯನ್ನು ನೂಕುತ್ತಾ ಒಂದು ಸುತ್ತು ಬಂದರೆ ನಾವು ನಡೆದದ್ದು ಸುಮಾರು 226 ಇಂಚು, ತಿರುಪು ಇಳಿದದ್ದು ಅರ್ಧ ಇಂಚು. ಎಂದರೆ ಬಲ 450 ಪಟ್ಟು ಹೆಚ್ಚಬೇಕು. ಆದರೆ ಚೌಕ ಹಲ್ಲಿನ ತಿರುಪಿನಲ್ಲಿ ಮುಕ್ಕಾಲು ಪಾಲು ತಿಕ್ಕಾಟಕ್ಕೇ ಹೋಗುತ್ತದೆಂದು ಇಟ್ಟುಕೊಳ್ಳಬೇಕು. ಹಾಗಿದ್ದರೂ ಮೂವತ್ತು ಕಿಲೋ ಭಾರದಷ್ಟು ನೂಕಿದರೆ ಮೂರು ಟನ್ನಿನ ಮೇಲೆ ಒತ್ತಡ ಸಿಗುತ್ತದೆ. ನೂರು ಕಿಲೋ ಆಸುಪಾಸಿನ ಬೇಲಿಗೆ ಅದಕ್ಕಿಂತ ಹೆಚ್ಚು ಬೇಡ.

ಪೆಟ್ಟಿಗೆಯ ಒಳ ಅಳತೆ ಉದ್ದ 36 ಇಂಚು, ಅಗಲ 24, ಎತ್ತರ 42. ಅದರ ಮೇಲೆ ತುಂಬುವಾಗ ಮಾತ್ರ ಕೂರಿಸುವ ಒಂದು ಅಡಿಯ ತಲೆಪೆಟ್ಟಿಗೆ. ಸಡಿಲ ಸೊಪ್ಪು ಅದರ ಅಂಚಿನವರೆಗೂ ಬರುತ್ತದೆ, ಒತ್ತಿದ ಮೇಲೆ 28 ಇಂಚಿಗೆ ಇಳಿಯುತ್ತದೆ. ಹೊರಗಿನ ಕಟ್ಟು ಕಬ್ಬಿಣದ್ದು, ಒಳಗೆ ಹಲಸಿನ ಹಲಗೆ. ಒಳಗೂ ತಗಡನ್ನೇ ಹೊಡೆದರೆ ಸುಲಭವಾಗಿತ್ತು. ಆದರೆ ನಮ್ಮ ಕಡೆ ಅಕ್ಟೋಬರಿನ ಬೆಳಗ್ಗೆ ಮಂಜು ಬಿದ್ದಾಗ ಕಬ್ಬಿಣ ಬೆವರುತ್ತದೆ, ಆ ಹನಿ ತಾಗಿದ ಸೊಪ್ಪಿನಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಹಲಗೆಗೆ ಬಣ್ಣವನ್ನೂ ಬಳಿಯಲಿಲ್ಲ. ಬಣ್ಣದ ಚಕ್ಕೆ, ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ಕೋಳಿಯ ಪುಕ್ಕ, ಇವುಗಳಲ್ಲಿ ಏನಾದರೂ ಬೇಲಿನೊಳಗೆ ಸಿಕ್ಕರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ. ತಿರುಪಿಗೆ ಗ್ರೀಸು ಬೇಕೇ ಬೇಕು, ಆದ್ದರಿಂದ ಅದರ ಕೆಳಗೆ ಊಟದ ತಟ್ಟೆಯಷ್ಟು ಅಗಲದ ತಗಡಿನ ಬೋಗುಣಿಯೊಂದನ್ನು ಬೆಸೆದೆ. ಇಲ್ಲಿಯವರೆಗೆ ಒಂದು ಹನಿಯೂ ಕೆಳಗೆ ಬಿದ್ದಿಲ್ಲ.

ಮೊದಲ ಹಂಗಾಮಿನಲ್ಲಿ ತಪ್ಪಿದ್ದು ಮೂರು ಕಡೆ. ತಿರುಪನ್ನು ಹಿಡಿದಿಡುವ ಮೇಲಿನ ತೊಲೆಗೆ ನೂರು ಮಿಲಿಮೀಟರಿನ ಒಂದೇ ಕಬ್ಬಿಣದ ಚಾನೆಲ್ ಹಾಕಿದ್ದೆ. ಎರಡನೆಯ ಬೇಲಿಗೇ ಅದು ಬಿಲ್ಲಿನಂತೆ ಮೇಲಕ್ಕೆ ಬಾಗಿತು. ಬೆನ್ನಿಗೆ ಬೆನ್ನು ಕೊಟ್ಟು ಎರಡು ಚಾನೆಲ್ ಕೂಡಿಸಿದ ಮೇಲೆ ಸರಿಹೋಯಿತು.

ಎರಡನೆಯದು ಬಾಗಿಲು. ಬೇಲು ಹೊರತೆಗೆಯಲು ಪೆಟ್ಟಿಗೆಯ ಮುಂಭಾಗ ತೆರೆಯಬೇಕು. ಅದಕ್ಕೆ ದಪ್ಪ ಬೋಲ್ಟ್ ಹಾಕಿದ್ದೆ. ಸೊಪ್ಪನ್ನು ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೂ ನೂಕುತ್ತದೆ ಎಂಬುದು ಗೊತ್ತಿತ್ತು, ಎಷ್ಟು ನೂಕುತ್ತದೆಂಬುದು ಗೊತ್ತಿರಲಿಲ್ಲ. ಬೋಲ್ಟು ಬಿಗಿದುಕೊಂಡು ಸ್ಪ್ಯಾನರಿಗೂ ಜಗ್ಗಲಿಲ್ಲ. ಒತ್ತಡ ಬಿಟ್ಟರೆ ಬೇಲು ಕೆಡುತ್ತದೆ, ಬಿಡದಿದ್ದರೆ ಬಾಗಿಲು ತೆರೆಯುವುದಿಲ್ಲ. ಆ ಬೇಲನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಬೋಲ್ಟನ್ನೆಲ್ಲ ಕತ್ತರಿಸಿ ಅವುಗಳ ಜಾಗದಲ್ಲಿ ಬೆಣೆ ಹಾಕಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತೆಳುವಾದ ತುದಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಜಾರಿ ಹೊರಗೆ ಬರುತ್ತದೆ. ಎತ್ತಿನ ಗಾಡಿಗೂ ನೇಗಿಲಿಗೂ ಬೆಣೆ ಹೊಡೆದ ಊರಿನವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ನಟ್ಟನ್ನು ತೊಲೆಗೆ ಬೆಸೆದು ತಿರುಪನ್ನೇ ತಿರುಗಿಸುತ್ತಿದ್ದೆ. ಅದರ ತುದಿಯ ಒತ್ತುಹಲಗೆಯೂ ಜೊತೆಗೆ ಸ್ವಲ್ಪ ಸ್ವಲ್ಪ ಹೊರಳುತ್ತಿತ್ತು. ಕಣ್ಣಿಗೆ ಕಾಣುವಷ್ಟೇನೂ ಅಲ್ಲ, ಆದರೆ ಬೇಲು ಬಿಚ್ಚಿ ನೋಡಿದರೆ ಮೇಲಿನ ಎಲೆಗಳು ಒಗೆದ ಬಟ್ಟೆಯನ್ನು ಹಿಂಡಿದಂತೆ ಮುರಿದಿದ್ದವು. ಅದೇ ಹೊತ್ತಿನಲ್ಲಿ ಕೆರೆಯ ಏರಿಯ ಮೇಲೆ ನೀರುಗಂಟಿ ತೂಬು ಎತ್ತುವುದನ್ನು ನೋಡಿದೆ. ಅಲ್ಲಿ ತಿರುಪು ತಿರುಗುತ್ತಿರಲಿಲ್ಲ. ನಟ್ಟು ತಿರುಗುತ್ತಿತ್ತು, ತಿರುಪು ಸುಮ್ಮನೆ ಮೇಲೆ ಬರುತ್ತಿತ್ತು. ಅಂಗಡಿಗೆ ಬಂದವನೇ ನಟ್ಟನ್ನು ಕೊಯ್ದು ತೆಗೆದೆ. ಲೇತಿನಲ್ಲಿ ಅದಕ್ಕೊಂದು ಕೊಳವೆ ಮಾಡಿಸಿ, ತೊಲೆಯಲ್ಲಿ ರಂಧ್ರ ಕೊರೆದು, ಕೊಳವೆಯ ಅಂಚಿಗೂ ತೊಲೆಗೂ ನಡುವೆ ಲಾರಿಯ ಹಳೆಯ ಬೇರಿಂಗ್ ಕೂರಿಸಿದೆ. ಒತ್ತುಹಲಗೆಯ ಎರಡು ಕಿವಿಗಳು ಪಕ್ಕದ ಕಂಬಗಳನ್ನು ಸವರಿಕೊಂಡು ನೆಟ್ಟಗೆ ಇಳಿಯುತ್ತವೆ. ಬೇರಿಂಗ್ ಹಾಕಿದ ಮೇಲೆ ನೂಕುವ ಶ್ರಮವೂ ಕಡಿಮೆಯಾಯಿತು.

ಇಷ್ಟಾದರೂ ಎರಡನೆಯ ಹಂಗಾಮಿನಲ್ಲಿ ನಾನು ಒಂದು ಬೇಲನ್ನು ಪೂರ್ತಿ ಹಾಳು ಮಾಡಿದೆ. ಯಂತ್ರ ಸರಿಯಿತ್ತು, ಹದ ತಪ್ಪಿತ್ತು. ಮೂರು ದಿನ ಬಿಡದೆ ಮಳೆ ಹಿಡಿದಿತ್ತು, ಸೊಪ್ಪು ಮೆತ್ತಗಾಗಿತ್ತು. ಮೆತ್ತಗಿದ್ದರೆ ಪುಡಿಯಾಗದೆ ಚೆನ್ನಾಗಿ ಕೂರುತ್ತದೆಂದು ಖುಷಿಯಿಂದ 24 ಇಂಚಿನವರೆಗೂ ಇಳಿಸಿಬಿಟ್ಟೆ. ಇಟ್ಟಿಗೆಯಂಥ ಅಂದದ ಬೇಲು. ಒಂದು ವಾರದ ಮೇಲೆ ಅಪ್ಪ ಅದರೊಳಕ್ಕೆ ಕೈ ತೂರಿಸಿದರು, ಏನೂ ಹೇಳದೆ ನನ್ನ ಕೈಯನ್ನು ಹಿಡಿದು ಅದೇ ತೂತಿಗೆ ಹಾಕಿಸಿದರು. ಒಳಗೆ ಬೆಚ್ಚಗಿತ್ತು, ಹಸುವಿನ ಹೊಟ್ಟೆಯ ಮೇಲೆ ಕೈ ಇಟ್ಟಂತೆ. ಬಿಚ್ಚಿದರೆ ನಿಂಬೆಹಣ್ಣಿನ ಬಣ್ಣದ ಸೊಪ್ಪು ಹುಣಸೆಯ ಬಣ್ಣಕ್ಕೆ ತಿರುಗಿತ್ತು. ಎಲೆಗಳು ಹಪ್ಪಳದ ಹಿಟ್ಟಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಪ್ಪ ಆ ಸೊಪ್ಪಿಗಾಗಿ ಐದು ದಿನ, ಐದು ರಾತ್ರಿ ಬ್ಯಾರನ್ನಿನ ಒಲೆಯ ಮುಂದೆ ಕುಳಿತಿದ್ದರು. ಎಲೆ ಹಳದಿಗೆ ತಿರುಗುವವರೆಗೆ ಸಣ್ಣ ಉರಿ, ಬಣ್ಣ ನಿಲ್ಲಿಸಲು ಸ್ವಲ್ಪ ಹೆಚ್ಚು, ಕೊನೆಗೆ ದಂಟು ಒಣಗಲು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಅಷ್ಟು ಜತನದಿಂದ ತಂದ ಬಣ್ಣವನ್ನು ನಾನು ಅರ್ಧ ಗಂಟೆಯಲ್ಲಿ ಹಿಸುಕಿ ಹಾಕಿದ್ದೆ. ಆ ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಒತ್ತುವ ವಿದ್ಯೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದಲ್ಲಿ ಜಗಿಯುವ ಹೊಗೆಸೊಪ್ಪನ್ನು ಒತ್ತಿ ಗಟ್ಟಿ ಬಿಲ್ಲೆ ಮಾಡುತ್ತಿದ್ದರು; ಅದಕ್ಕೆ ಪ್ಲಗ್ ಎಂದು ಹೆಸರು. ಆರ್. ಜೆ. ರೆನಾಲ್ಡ್ಸ್ 1875ರಲ್ಲಿ ಉತ್ತರ ಕೆರೊಲಿನಾದ ವಿನ್‌ಸ್ಟನ್ ಊರಿನಲ್ಲಿ ಕಾರ್ಖಾನೆ ತೆರೆದದ್ದು ಈ ಪ್ಲಗ್ ಮಾಡಲೆಂದೇ. ಸಿಗರೇಟು ಅವರ ಕೈಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಸೊಪ್ಪಿಗೆ ಅತಿಮಧುರ, ಸಕ್ಕರೆಯ ಪಾಕ ಹಿಡಿಸಿ, ಒಂದು ಒಳ್ಳೆಯ ಅಗಲ ಎಲೆಯಲ್ಲಿ ಸುತ್ತಿ, ಅಚ್ಚಿನಲ್ಲಿಟ್ಟು ಭಾರಿ ಪ್ರೆಸ್ಸುಗಳಲ್ಲಿ ಒತ್ತುತ್ತಿದ್ದರು. ಅಲ್ಲಿ ಪಾಕವೂ ತೇವವೂ ಒತ್ತಡವೂ ಸೇರಿ ಎಲೆಗಳು ಒಂದಾಗಬೇಕು, ಚಾಕುವಿನಿಂದ ಕೊಯ್ದರೆ ಮಾತ್ರ ತುಂಡು ಬರಬೇಕು. ಅದನ್ನು ಓದಿದಾಗ ನನ್ನ ತಪ್ಪು ನನಗೆ ನಿಚ್ಚಳವಾಯಿತು. ನಾನು ಬೇಲು ಕಟ್ಟಿರಲಿಲ್ಲ, ನೂರು ಕಿಲೋದ ಪ್ಲಗ್ ಮಾಡಿದ್ದೆ. ಬೇಲು ಬಿಚ್ಚಿಕೊಳ್ಳಲೆಂದೇ ಕಟ್ಟುವ ವಸ್ತು. ನಾಳೆ ಯಾರೋ ಅದನ್ನು ತೆರೆದು ಒಂದೊಂದೇ ಎಲೆ ಬಿಡಿಸಬೇಕು.

ಈಗ ನಾನು ಪೆಟ್ಟಿಗೆ ಮುಟ್ಟುವ ಮೊದಲು ಸೊಪ್ಪು ಮುಟ್ಟುತ್ತೇನೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಮೆಲ್ಲಗೆ ಹಿಸುಕಿ ಬಿಡಬೇಕು. ಚರಚರ ಎಂದರೆ ಒಣಗಿದೆ. ರಾತ್ರಿ ಬಾಗಿಲು ತೆರೆದಿಟ್ಟು, ನೆಲಕ್ಕೆ ನೀರು ಚಿಮುಕಿಸಿ, ಗಾಳಿಯ ತೇವ ಕುಡಿಯಲು ಬಿಡಬೇಕು. ಸೊಪ್ಪಿನ ಮೇಲೆ ನೇರವಾಗಿ ನೀರು ಬೀಳಬಾರದು. ಹಿಸುಕಿದ್ದು ಹಾಗೆಯೇ ಮುದ್ದೆಯಾಗಿ ಉಳಿದರೆ ತೇವ ಜಾಸ್ತಿ. ಅಂದು ಪ್ರೆಸ್ಸಿಗೆ ರಜೆ. ಮುಷ್ಟಿ ಬಿಟ್ಟ ಮೇಲೆ ಎಲೆ ತಡವಾಗಿ, ನಿಧಾನವಾಗಿ ಅರಳಬೇಕು. ಆಮೇಲೆ ದಂಟಿನ ಬುಡವನ್ನು ಬೆರಳಲ್ಲಿ ಬಗ್ಗಿಸಿದರೆ ಅದು ಪಟ್ಟೆಂದು ಮುರಿಯಬೇಕು. ಎಲೆ ಮೃದು, ದಂಟು ಪಟ್ಟು: ಅದೇ ಹದ. ಅತ್ತೆಗೆ ಇಷ್ಟೆಲ್ಲ ಬೇಕಿಲ್ಲ, ಪೇರಿಕೆಯ ಮೇಲೆ ಅಂಗೈ ಆಡಿಸಿ ಹೇಳುತ್ತಾರೆ. ಇಬ್ಬರ ತೀರ್ಪು ಬೇರೆಯಾದ ದಿನ ನಾನು ಅವರ ಮಾತನ್ನೇ ಕೇಳುತ್ತೇನೆ.

ತುಂಬುವಾಗ ದಂಟಿನ ಬುಡ ಹೊರಗೆ, ತುದಿ ಒಳಗೆ. ಎದುರು ಬದುರಿನ ಎಲೆಗಳ ತುದಿಗಳು ನಡುವೆ ಒಂದರ ಮೇಲೊಂದು ಬೀಳಬೇಕು. ಬುಡ ದಪ್ಪ, ತುದಿ ತೆಳು. ತೆಳುವಾದದ್ದು ಎರಡು ಪದರ ಸೇರಿದಾಗ ಬೇಲು ಸಮನಾಗಿ ಏಳುತ್ತದೆ. ಬುಡ ಹೊರಗಿದ್ದರೆ ಅಂಚೂ ಉದುರುವುದಿಲ್ಲ. ತುಂಬುವ ಕೆಲಸಕ್ಕೆ ಮುಕ್ಕಾಲು ಗಂಟೆ, ಒತ್ತುವುದಕ್ಕೆ, ನಡುವೆ ನಿಲ್ಲುವ ಹೊತ್ತು ಬಿಟ್ಟು, ಹತ್ತು ನಿಮಿಷ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು, ಧೂಳು ನೆತ್ತಿಗೇರುತ್ತದೆ.

ಒತ್ತುವುದರಲ್ಲಿ ನಾನು ಕಂಡುಕೊಂಡದ್ದು ನಿಲ್ಲುವುದನ್ನು. 32 ಇಂಚಿಗೆ ಇಳಿದ ಮೇಲೆ ಹಿಡಿ ಬಿಟ್ಟು ಹದಿನೈದು ನಿಮಿಷ ಸುಮ್ಮನೆ ಕೂರುತ್ತೇವೆ. ಆ ಹೊತ್ತಿನಲ್ಲಿ ಸೊಪ್ಪು ಒಳಗೊಳಗೇ ಸರಿದುಕೊಂಡು ಜಾಗ ಮಾಡಿಕೊಳ್ಳುತ್ತದೆ. ಕಿವಿಗೊಟ್ಟರೆ ಸಣ್ಣದಾಗಿ ಸರಸರ ಕೇಳಿಸುತ್ತದೆ. ಮತ್ತೆ ಹಿಡಿ ಹಿಡಿದರೆ ಮೊದಲು ಇಬ್ಬರಿಗೂ ಜಗ್ಗದಿದ್ದದ್ದು ಒಬ್ಬನಿಗೇ ತಿರುಗುತ್ತದೆ. ಹಾಗೆ ಎರಡು ಸಲ ನಿಂತು ಇಳಿಸಿದ ಬೇಲು ಬಿಟ್ಟ ಮೇಲೆ ಉಬ್ಬುವುದು ಒಂದೆರಡು ಇಂಚು ಅಷ್ಟೇ. ಒಂದೇ ಉಸಿರಿಗೆ ಒತ್ತಿದ್ದು ಐದಾರು ಇಂಚು ಉಬ್ಬಿ ಹೊಲಿಗೆಯನ್ನು ಜಗ್ಗುತ್ತದೆ. ಕಂಬದ ಮೇಲೆ 28 ಇಂಚಿನ ಗುರುತನ್ನು ಉಳಿಯಿಂದ ಕೊರೆದಿದ್ದೇನೆ, ಅದಕ್ಕಿಂತ ಕೆಳಗೆ ಒತ್ತುಹಲಗೆ ಹೋಗದಂತೆ ಕಬ್ಬಿಣದ ತುಂಡೊಂದನ್ನು ಬೆಸೆದಿದ್ದೇನೆ. ಹೊಲಿಗೆಗೆ ಹತ್ತಿಯ ಹುರಿ ಮಾತ್ರ.

ಮೂರನೆಯ ಹಂಗಾಮಿನಲ್ಲಿ ನಮ್ಮ ಮನೆಯದಲ್ಲದೆ ಅಕ್ಕಪಕ್ಕದ ನಾಲ್ಕು ಮನೆಗಳ ಬೇಲುಗಳೂ ಈ ಪ್ರೆಸ್ಸಿನಲ್ಲೇ ಆದವು. ಹರಾಜಿನಲ್ಲಿ ಅಪ್ಪನ ಮೊದಲ ಬೇಲಿನಿಂದ ಕೊಳ್ಳುವವರೊಬ್ಬರು ಹಿಡಿ ಎಳೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎಲೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಬಂದವು, ಬಣ್ಣ ಹಾಗೆಯೇ ಇತ್ತು. ಅಪ್ಪ ನನ್ನ ಕಡೆ ನೋಡಿ ಹೆಗಲ ಮೇಲಿನ ಟವೆಲ್ಲನ್ನು ಒಮ್ಮೆ ಸರಿಪಡಿಸಿಕೊಂಡರು.

ಇನ್ನೂ ಒಂದು ಕೊರತೆ ಇದೆ. ತಿರುಗಿಸುವ ಹಿಡಿ ತೊಲೆಯ ಮೇಲಿರುವುದರಿಂದ ನೆಲದಿಂದ ಸುಮಾರು ಆರಡಿ ಎತ್ತರದಲ್ಲಿದೆ. ಗಂಡಸರು ಕೈ ಎತ್ತಿ ನೂಕುತ್ತಾರೆ, ಅತ್ತೆಗಾಗಲಿ ನನ್ನ ಹೆಂಡತಿಗಾಗಲಿ ಎಟುಕುವುದಿಲ್ಲ. ಸೊಪ್ಪಿನ ಹದ ಗೊತ್ತಿರುವವರೇ ಹಿಡಿಯನ್ನೂ ಹಿಡಿಯುವಂತಾಗಬೇಕು. ಅದಕ್ಕೆ ನಟ್ಟಿನ ಕೊಳವೆಗೆ ಹಲ್ಲುಚಕ್ರ ಬೆಸೆದು, ಕಂಬದ ಪಕ್ಕ ಇನ್ನೊಂದು ದಂಡ ನಿಲ್ಲಿಸಿ, ಎರಡಕ್ಕೂ ಪವರ್ ಟಿಲ್ಲರಿನ ಹಳೆಯ ಚೈನ್ ಹಾಕಿ, ಹಿಡಿಯನ್ನು ಎದೆಯ ಮಟ್ಟಕ್ಕೆ ಇಳಿಸುವ ಕೆಲಸ ಹಿಡಿದಿದ್ದೇನೆ. ಚಕ್ರಗಳು ಲೇತಿನಿಂದ ಬಂದಿವೆ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ.